ಹಾಳೆಯ ಹಿಂಬದಿ

ಸಾವು ಎಂದರೆ ಹೆಸ್ಟರ್ ಪೊಲಾರ್ಡಳಿಗೆ ಚಿಕ್ಕಂದಿನಿಂದಲೂ ಶಾಜೀರಿಗೆಯ ವಾಸನೆ. ಊರಲ್ಲಿ ಯಾರು ತೀರಿಕೊಂಡರೂ ಬೇಕರಿಯಿಂದ ಬಿಸ್ಕತ್ತಿನ ಬುಟ್ಟಿ ನೇರವಾಗಿ ಅಪ್ಪನ ಅಚ್ಚುಕೂಟಕ್ಕೆ ಬರುತ್ತಿತ್ತು. ಸತ್ತವರ ಹೆಸರು, ವಯಸ್ಸು, ಎರಡು ಸಾಲು ಪ್ರಾರ್ಥನೆ ಅಚ್ಚಾದ ಬಿಳಿ ಕಾಗದದಲ್ಲಿ ಎರಡೆರಡು ಬಿಸ್ಕತ್ತು ಸುತ್ತಿ, ಕಪ್ಪು ಅರಗಿನ ಮುದ್ರೆ ಒತ್ತಿ, ಶವಪೆಟ್ಟಿಗೆ ಎತ್ತುವ ಮುಂಚೆ ಬಂದವರಿಗೆಲ್ಲ ಹಂಚಬೇಕು. ಶಾಜೀರಿಗೆ, ಹಸಿ ಶಾಯಿ, ಕರಗಿದ ಅರಗು ಮೂರೂ ಬೆರೆತ ಆ ವಾಸನೆಗೆ ಆರು ವರ್ಷದ ಹೆಸ್ಟರಳ ಬಾಯಲ್ಲಿ ನೀರೂರುತ್ತಿತ್ತು. ಒಡೆದ ಬಿಸ್ಕತ್ತೆಲ್ಲ ಅವಳಿಗೇ ತಾನೆ.

ಇವತ್ತು ಐವತ್ತೈದರ ಹೆಸ್ಟರ್ ಅದೇ ಮೇಜಿನ ಮುಂದೆ ಕೂತು ಅರವತ್ತೆರಡನೆಯ ಪೊಟ್ಟಣದ ಮೇಲೆ ಅರಗು ತೊಟ್ಟಿಕ್ಕಿಸುತ್ತಿದ್ದಳು. ಕಾಗದದ ಮೇಲಿನ ಹೆಸರನ್ನು ಒಂದೊಂದೇ ಅಚ್ಚಿನ ಮೊಳೆ ಹುಡುಕಿ ಜೋಡಿಸಿದವಳೂ ಅವಳೇ. ಅಬ್ನರ್ ಸಗ್ಡನ್, ಅರವತ್ತೊಂದು ವರ್ಷ. ಬಾಯಲ್ಲಿ ನೀರೂರಲಿಲ್ಲ.

ಬಾಗಿಲ ಗಂಟೆ ಸದ್ದಾಯಿತು. ಬಂದವನು ಕ್ರಾಸ್ಲಿ. ಅಪ್ಪ ಸತ್ತಮೇಲೆ ಹೆಸ್ಟರ್ ‘ಥಾರ್ನ್‌ಬೆಕ್ ಹೆರಾಲ್ಡ್’ ಪತ್ರಿಕೆಯನ್ನು ಅವನಿಗೆ ಬಿಟ್ಟುಕೊಟ್ಟು, ಮದುವೆ ಕಾಗದ, ಸಾವಿನ ಕಾಗದ ಅಚ್ಚು ಮಾಡುವ ಸಣ್ಣ ಯಂತ್ರವೊಂದನ್ನು ತನಗೆ ಉಳಿಸಿಕೊಂಡಿದ್ದಳು. ಹಳೆಯ ಸಂಚಿಕೆಗಳ ಕಡತಗಳೆಲ್ಲ ಇನ್ನೂ ಅವಳ ಅಟ್ಟದಲ್ಲೇ ಇದ್ದವು.

"ಮಿಸ್ ಪೊಲಾರ್ಡ್, ಎಪ್ಪತ್ತೈದನೇ ಇಸವಿ ಕಡತ ಬೇಕಿತ್ತಲ್ಲ."

"ಯಾಕೆ?"

"ಶನಿವಾರಕ್ಕೆ ನಮ್ಮ ಸಗ್ಡನ್ ಮೇಷ್ಟ್ರ ಬಗ್ಗೆ ಒಂದು ಕಾಲಂ ಬರೀತಿದ್ದೀನಿ. ಆ ಮೆರವಣಿಗೆ ವರ್ಣನೆ ಇದೆಯಲ್ಲ, ಅದರಿಂದ ಒಂದು ತುಣುಕು ಹಾಕೋಣ ಅಂತ. ಜನಕ್ಕೆ ನೆನಪಿರೋದು ಅದೇ ಅಲ್ವಾ?" ಅವನು ಜೇಬಿನಿಂದ ಕಾಗದ ತೆಗೆದು ಓದಿದ. "‘ಯುವರಾಜರು ಬಾರದೇ ಹೋದ ಮೆರವಣಿಗೆಯನ್ನು ಕಣ್ಣಾರೆ ಕಂಡ ಪತ್ರಕರ್ತ ಇಡೀ ಸಾಮ್ರಾಜ್ಯದಲ್ಲಿ ಇವರೊಬ್ಬರೇ.’ ಹೇಗಿದೆ?"

"ಅವರು ನಿಮಗೆ ಪಾಠ ಹೇಳಿದೋರು, ಕ್ರಾಸ್ಲಿ."

"ಶೀಘ್ರಲಿಪಿ ಕಲಿಸಿದ್ದೇ ಅವರು. ಅವರಿಲ್ಲದಿದ್ರೆ ನಾನಿವತ್ತು ಮಗ್ಗದ ಮುಂದೆ ಇರ್ತಿದ್ದೆ. ಪ್ರೀತಿಯಿಂದಾನೇ ಬರೆದಿದ್ದೀನಿ, ಮಿಸ್ ಪೊಲಾರ್ಡ್. ಅವರೇ ಓದಿದ್ರೂ ನಗ್ತಿದ್ರು."

ನಗುತ್ತಿದ್ದ, ನಿಜ. ಅದೇ ಅವಳಿಗೆ ಸಹಿಸಲಾಗದ್ದು.

"ಮಧ್ಯಾಹ್ನ ಸಗ್ಡನ್ನರ ಮನೆಗೆ ಊಟಕ್ಕೆ ಬರ್ತೀರಲ್ಲ, ಅಲ್ಲಿ ಕೊಡ್ತೀನಿ," ಎಂದಳು. "ಅಲ್ಲೀವರೆಗೆ ಇದನ್ನ ಅಚ್ಚಿಗೆ ಹಾಕಬೇಡಿ."

ಅವನು ಹೋದಮೇಲೂ ಆ ಮಾತು ಅವಳ ಕಿವಿಯಲ್ಲೇ ನಿಂತಿತು. ಅಚ್ಚಿಗೆ ಹಾಕಬೇಡಿ. ಮೂವತ್ತೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಹೇಳಬೇಕಿದ್ದ ಮಾತು.

ಅವಳು ಎದ್ದು, ಮೊಳೆಗಳ ಪೆಟ್ಟಿಗೆಯ ಕೆಳಗಿನ ಖಾನೆ ಎಳೆದು, ನಾಲ್ಕು ಮಡಿಕೆಯ ತೆಳು ಹಾಳೆಯೊಂದನ್ನು ತೆಗೆದು ಜೇಬಿಗೆ ಇಟ್ಟುಕೊಂಡಳು. ಕಡತ ತೆಗೆಯಲು ಅಟ್ಟಕ್ಕೆ ಹೋಗಲಿಲ್ಲ.

*

ಆ ವರ್ಷ, 1875ರಲ್ಲಿ, ಇಂಗ್ಲೆಂಡಿನ ಯುವರಾಜ ಹಡಗು ಹತ್ತಿ ಇಂಡಿಯಾಕ್ಕೆ ಹೊರಟಾಗ ಲಂಡನ್ನಿನ ದೊಡ್ಡ ಪತ್ರಿಕೆಗಳು ತಮ್ಮ ತಮ್ಮ ವರದಿಗಾರರನ್ನೂ ಚಿತ್ರಗಾರರನ್ನೂ ಹಿಂದೆಯೇ ಕಳಿಸಿದವು. ಹೆರಾಲ್ಡ್ ಸೇರಿ ಉತ್ತರ ಇಂಗ್ಲೆಂಡಿನ ಐದು ಸಣ್ಣ ಪತ್ರಿಕೆಗಳು ಒಟ್ಟುಗೂಡಿ ಒಬ್ಬನನ್ನು ಕಳಿಸಿದವು: ಇಪ್ಪತ್ತೊಂಬತ್ತು ವರ್ಷದ ಅಬ್ನರ್ ಸಗ್ಡನ್. ಅಲ್ಲಿಯವರೆಗೆ ಅವನು ಸಮುದ್ರವನ್ನೇ ನೋಡಿರಲಿಲ್ಲ.

ಟಪಾಲಿನ ತೂಕ ಉಳಿಸಲು ಅವನು ತೆಳು ಕಾಗದದ ಮೇಲೆ ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದ. ಅಚ್ಚುಕೂಟದಲ್ಲಿ ಅದನ್ನು ಓದಬಲ್ಲವಳು ಹೆಸ್ಟರ್ ಒಬ್ಬಳೇ. ಸಂಜೆ ತರಗತಿಯಲ್ಲಿ ಅವಳಿಗೆ ಕಲಿಸಿದವನು ಅವನೇ. ಪ್ರತಿ ಗುರುವಾರ ಮೂರರ ರೈಲಿಗೆ ಲಕೋಟೆ ಬರುತ್ತಿತ್ತು. ಅವಳು ಒಂದೊಂದು ಹಾಳೆಯನ್ನೂ ಸಾದಾ ಅಕ್ಷರಕ್ಕೆ ಇಳಿಸಿ ಮೊಳೆ ಜೋಡಿಸುವವರಿಗೆ ಕೊಡುತ್ತಿದ್ದಳು. ಉಳಿದ ನಾಲ್ಕು ಪತ್ರಿಕೆಗಳಿಗೂ ಅದರದೇ ನಕಲು ಹೋಗುತ್ತಿತ್ತು. ಹಾರುವ ಮೀನು, ಏಡನ್ ಬಂದರಿನ ಬೋಳು ಬಂಡೆ, ಹಡಗಿನ ತಳದಲ್ಲಿ ಕಲ್ಲಿದ್ದಲು ತುಂಬುವವರ ಹಾಡು, ಎಲ್ಲವನ್ನೂ ಇಡೀ ಥಾರ್ನ್‌ಬೆಕ್ಕಿಗಿಂತ ಮೊದಲು ನೋಡಿದವಳು ಅವಳು.

"ಯುವರಾಜನ ಬಗ್ಗೆ ಬರಿ ಅಂತ ಕಳಿಸಿದ್ರೆ ಯುವರಾಜನ ಕುದುರೆಗೆ ನೀರು ಕುಡಿಸೋನ ಬಗ್ಗೆ ಬರೀತಾನೆ ಈ ಮನುಷ್ಯ," ಎಂದು ಅಪ್ಪ ಗೊಣಗುತ್ತಿದ್ದ. ಆದರೂ ಮುಂದಿನ ಗುರುವಾರ ಮೂರು ಗಂಟೆಗೆ ಅವನೇ ಬಾಗಿಲಲ್ಲಿ ನಿಂತಿರುತ್ತಿದ್ದ.

ಡಿಸೆಂಬರಿನ ಒಂದು ಗುರುವಾರ ಮುಂಬಯಿಯ ನೇಕಾರರ ಕೇರಿಯ ವರ್ಣನೆ ಬಂತು. ಯುವರಾಜನಿಗೆ ತೋರಿಸಲೆಂದು ಬೀದಿಯಲ್ಲೇ ಮಗ್ಗ ಹೂಡಿದ್ದಾರೆ. ಆನೆಯ ಮೇಲಿಂದ ಇಳಿದು ಯುವರಾಜ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ, ಮುದಿ ನೇಕಾರನ ಕೈ ಕುಲುಕುತ್ತಾನೆ. ನೇಕಾರರದೇ ಊರಾದ ಥಾರ್ನ್‌ಬೆಕ್ಕಿಗೆ ಇದಕ್ಕಿಂತ ಇನ್ನೇನು ಬೇಕು? ಓದುತ್ತಿದ್ದ ಹೆಸ್ಟರಳ ಕಣ್ಣೇ ಒದ್ದೆಯಾಯಿತು. ವರ್ಣನೆ ಒಂಬತ್ತನೆಯ ಹಾಳೆಗೆ ಮುಗಿದಿತ್ತು. ಹತ್ತನೆಯ ಹಾಳೆ ‘ಹೆಸ್ಟರ್’ ಎಂದು ಶುರುವಾಗಿತ್ತು.

ಹಿಂದಿರುಗಿ ಬಂದಮೇಲೆ ನಿನ್ನ ಅಪ್ಪನ ಹತ್ತಿರ ಮಾತಾಡಲೇ ಎಂದು ಕೇಳಿದ್ದ. ಬೇಡವೆನ್ನಲು ನೀನು ಸಂಕಟಪಡಬೇಕಾಗಿಲ್ಲ, ಸುಮ್ಮನಿದ್ದುಬಿಡು, ನನಗೆ ತಿಳಿಯುತ್ತದೆ ಎಂದೂ ಬರೆದಿದ್ದ.

ಮೆಟ್ಟಿಲ ಮೇಲೆ ಅಪ್ಪನ ಬೂಟಿನ ಸದ್ದು. ಅವಳು ಹಾಳೆಯನ್ನು ಏಪ್ರನ್ನಿನ ಜೇಬಿಗೆ ತುರುಕಿದಳು. "ಎಷ್ಟು ಹಾಳೆ?" "ಒಂಬತ್ತು, ಅಪ್ಪ."

ಗುರುವಾರ, ಶುಕ್ರವಾರ, ಶನಿವಾರ ಆ ಮುಂಬದಿಯನ್ನು ಅವಳು ಎಷ್ಟು ಸಲ ಓದಿದಳೋ. ತಿರುಗಿಸಿ ಮಾತ್ರ ನೋಡಲಿಲ್ಲ. ಅಚ್ಚುಕೂಟದವರ ಮಕ್ಕಳು ಹಾಳೆ ತಿರುಗಿಸುವುದಿಲ್ಲ. ಅಚ್ಚಿಗೆ ಕೊಡುವುದನ್ನು ಒಂದೇ ಬದಿಗೆ ಬರೆಯಬೇಕು, ಹಿಂಬದಿಗೆ ಬರೆದದ್ದು ಬರೆದಂತಲ್ಲ ಎಂಬುದು ಅವರಿಗೆ ಅಕ್ಷರಾಭ್ಯಾಸದ ಜೊತೆಗೇ ಬಂದ ಪಾಠ. ಅಲ್ಲಲ್ಲಿ ಮಸುಕಾಗಿ ಕಂಡ ಗೆರೆಗಳನ್ನು ಶಾಯಿ ಇಳಿದ ಗುರುತು ಎಂದುಕೊಂಡಿದ್ದಳು. ಭಾನುವಾರ ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಹಿಡಿದಾಗ ಗೆರೆಗಳು ಅಕ್ಷರಗಳಾದವು.

‘ಕಾಗದ ಮುಗಿದಿದೆ, ಹಿಂಬದಿಗೆ ಬರೆಯುತ್ತಿದ್ದೇನೆ, ಮನ್ನಿಸಬೇಕು. ಈ ಮೆರವಣಿಗೆ ನಾಳೆ ನಡೆಯಬೇಕಾದದ್ದು. ಟಪಾಲು ಹಡಗು ಇವತ್ತೇ ಹೊರಡುವುದರಿಂದ ಮುಂಚಿತವಾಗಿ ಬರೆದಿದ್ದೇನೆ. ನಡೆದರೆ ಹೌದು ಎಂದು ಒಂದು ಮಾತಿನ ತಂತಿ ಕೊಡುತ್ತೇನೆ. ತಂತಿ ಬಾರದಿದ್ದರೆ ಅಚ್ಚಿಗೆ ಹಾಕಬೇಡಿ, ಒಲೆಗೆ ಹಾಕಿ.’

ತಂತಿ ಬಂದಿರಲಿಲ್ಲ. ಪತ್ರಿಕೆ ಹಿಂದಿನ ದಿನವೇ ಹೊರಬಿದ್ದಾಗಿತ್ತು. ಅವತ್ತು ಚರ್ಚಿನಲ್ಲಿ ಪಾದ್ರಿಯೂ ಆ ಮುದಿ ನೇಕಾರನ ಮಾತೆತ್ತಿದರು. ಗಿರಣಿಯವರು ಆ ಕೇರಿಗೆ ಒಂದು ಥಾನು ಉಣ್ಣೆ ಬಟ್ಟೆ ಕಳಿಸುವುದೆಂದು ನಿರ್ಧಾರವಾಯಿತು. ಮೆರವಣಿಗೆ ನಡೆದಿರಲಿ ದೇವರೇ ಎಂದು ಹೆಸ್ಟರ್ ಮೂರು ದಿನ ಬೇಡಿಕೊಂಡಳು.

ಬುಧವಾರ ಪಕ್ಕದ ಊರಿನ ಪತ್ರಿಕೆ ನಿಜ ಬರೆಯಿತು. ಅವತ್ತು ಬಿಸಿಲು ಜಾಸ್ತಿಯೆಂದು ಯುವರಾಜ ಆ ಕೇರಿಯ ಕಡೆ ತಲೆಯೇ ಹಾಕಿರಲಿಲ್ಲ. ಮರುದಿನ, ಗುರುವಾರ, ಬಂದ ಅಬ್ನರನ ಲಕೋಟೆಯನ್ನು ಅಪ್ಪ ಒಡೆಯದೆ ಕಸದ ಬುಟ್ಟಿಗೆ ಎಸೆದ. ಹೆಸ್ಟರ್ ಕದ್ದು ತೆಗೆದು ಓದಿದಳು. ನೇಕಾರರು ಸಂಜೆಯವರೆಗೆ ಕಾದರಂತೆ. ಆಮೇಲೆ ಒಬ್ಬ ಮುದುಕಿ, ಅತಿಥಿಗಳಿಗೆಂದು ಮಾಡಿಟ್ಟ ಅಡಿಗೆಯನ್ನು, ಕೊನೆಯವರೆಗೆ ಅಲ್ಲೇ ನಿಂತಿದ್ದ ಇವನಿಗೆ ಎಲೆಯ ಮೇಲೆ ಬಡಿಸಿದಳಂತೆ. ‘ಅವಳ ಭಾಷೆ ನನಗೆ ಬಾರದು. ಅವಳು ಏನೂ ಹೇಳಲೂ ಇಲ್ಲ. ಎಲೆಯನ್ನು ಮುಂದಕ್ಕೆ ಸರಿಸಿದಳು, ಅಷ್ಟೇ.’

ಇದು ಅಚ್ಚಾಗಲಿಲ್ಲ. ಐದೂ ಪತ್ರಿಕೆಗಳು ಅವನನ್ನು ಕೈಬಿಟ್ಟವು. ಹಾಳೆ ತೋರಿಸಿದ್ದರೆ ಅವನು ಉಳಿಯುತ್ತಿದ್ದ. ಆದರೆ ತೋರಿಸುವುದೆಂದರೆ ಎರಡು ಬದಿಯನ್ನೂ ತೋರಿಸಬೇಕು. ಅಪ್ಪನ ಕೋಪ ಎಂಥದೆಂದು ಅವಳಿಗೆ ಗೊತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದಳು.

*

ಸಗ್ಡನ್ನರ ಮನೆಬಾಗಿಲಲ್ಲಿ ಹೆಸ್ಟರ್ ತಟ್ಟೆ ಹಿಡಿದು ನಿಂತು ಪೊಟ್ಟಣ ಹಂಚಿದಳು. ಅಬ್ನರನ ಅಕ್ಕ ಕೆಜಾಯ ಬಂದು ಮೂಲೆಯ ಮೇಜು ತೋರಿಸಿ, "ಮಿಕ್ಕಿದ್ದನ್ನ ಅಲ್ಲಿಡಿ, ಮಿಸ್ ಪೊಲಾರ್ಡ್. ತೊಂದರೆ ತಗೊಂಡ್ರಿ," ಎಂದಳು. ಕೆಜಾಯಳ ಮರ್ಯಾದೆ ಯಾವಾಗಲೂ ಹೀಗೇ, ಹಿಮ ಬಿದ್ದ ಕಲ್ಲಿನ ಹಾಗೆ.

ಅಮೋಸ್ ಗ್ರೀನ್‌ವುಡ್ ಕೋಲೂರಿಕೊಂಡು ಬಂದ. ಗಿರಣಿಯಲ್ಲಿ ಮಗ್ಗಗಳ ಮೇಲ್ವಿಚಾರಕನಾಗಿದ್ದ ಮುದುಕ, ಅಬ್ನರನ ಬಾಲ್ಯದ ಗೆಳೆಯ. ಕೋಣೆ ತುಂಬ ಕೇಳುವ ಹಾಗೆ, "ಕೆಜಾಯ, ಎಲ್ಲಾ ಕಡೆ ಹುಡುಕಿದ್ದೀಯ ತಾನೆ?" ಎಂದ. "ಇವತ್ತಿನ ಮೆರವಣಿಗೇನೂ ಇವನು ಮುಂಚೇನೇ ಬರೆದಿಟ್ಟಿರ್ತಾನೆ. ಎಷ್ಟು ಜನ ಬಂದ್ರು, ಯಾರು ಎಷ್ಟು ಅತ್ರು ಅಂತ!"

ಜನ ನಕ್ಕರು.

"ಅಮೋಸ್, ಆ ಬಿಸ್ಕತ್ತನ್ನ ಬಾಯಿಗೆ ಹಾಕ್ಕೋ. ಸ್ವಲ್ಪ ಹೊತ್ತು ಬಾಯಿಗೆ ಬೇರೆ ಕೆಲಸ ಸಿಗಲಿ," ಎಂದಳು ಕೆಜಾಯ.

"ಯುವರಾಜನೇ ಬರಲಿಲ್ಲ, ನಾನಾದ್ರೂ ಬಂದಿದ್ದೀನಲ್ಲ ಮಾರಾಯ್ತಿ." ಅಮೋಸನ ದನಿ ನಡುವೆಯೇ ಮುರಿಯಿತು. ಮೂರು ವಾರ ಹಾಸಿಗೆಯ ಪಕ್ಕ ಕೂತು ಅಬ್ನರನಿಗೆ ಪತ್ರಿಕೆ ಓದಿ ಹೇಳಿದವನು ಈ ಅಮೋಸನೇ. ಬರುವಾಗ ದಿನಾ ಒಂದು ಕಿತ್ತಳೆ ತರುತ್ತಿದ್ದ. ಅವನು ಮುಖ ತಿರುಗಿಸಿ, ಒಡೆಯಲಾರದ ಪೊಟ್ಟಣವನ್ನು ಕೋಟಿನ ಜೇಬಿಗೆ ಇಟ್ಟುಕೊಂಡ.

ಪೆಟ್ಟಿಗೆ ಎತ್ತಿದರು. ಹೆಸ್ಟರ್ ನೆರೆಹೊರೆಯವರ ಸಾಲಿನಲ್ಲಿ, ಕೊನೆಗಿಂತ ಸ್ವಲ್ಪ ಮುಂದೆ, ಗುಡ್ಡ ಹತ್ತಿದಳು. ಗಾಳಿಗೆ ಪಾದ್ರಿಯ ಮಾತು ಅರ್ಧ ಕೇಳಿಸಿತು, ಅರ್ಧ ಹಾರಿಹೋಯಿತು.

*

ಅಬ್ನರ್ ಇಂಡಿಯಾದಿಂದ ಹಿಂದಿರುಗಿ ಬಂದದ್ದು ಮೇ ತಿಂಗಳಲ್ಲಿ. ಮುಖ ಬಿಸಿಲಿಗೆ ಕಂದಿತ್ತು. ಅಚ್ಚುಕೂಟದ ನಡುವೆ ನಿಲ್ಲಿಸಿಕೊಂಡು ಅಪ್ಪ ಬಾಯಿಗೆ ಬಂದಂತೆ ಬೈದ. ಹೆಸ್ಟರ್ ಕೈಯಲ್ಲಿ ಮೊಳೆಯ ಪಟ್ಟಿ ಹಿಡಿದು ನಿಂತಿದ್ದಳು. ನನ್ನ ಹತ್ತನೆಯ ಹಾಳೆ ಎಲ್ಲಿ ಎಂದು ಅವನು ಕೇಳಿದರೆ ಸಾಕಿತ್ತು, ಜೇಬಿನಿಂದ ತೆಗೆದುಕೊಟ್ಟುಬಿಡುತ್ತಿದ್ದಳು. ಅವನು ಒಂದೇ ಒಂದು ಸಲ ಅವಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. "ತಪ್ಪಾಯಿತು ಸರ್," ಎಂದು ಅಪ್ಪನಿಗೆ ಹೇಳಿ, ಬಿಟ್ಟುಹೋಗಿದ್ದ ಕೊಡೆ ತೆಗೆದುಕೊಂಡು ಹೊರಟುಹೋದ.

ಆಮೇಲೆ ಉಣ್ಣೆ ಮಳಿಗೆಯಲ್ಲಿ ಗುಮಾಸ್ತನಾದ. ವಾರಕ್ಕೆರಡು ಸಂಜೆ ಶೀಘ್ರಲಿಪಿ ಕಲಿಸಿದ. ಮದುವೆಯಾಗಲಿಲ್ಲ. ದಿನಾ ಎಂಟಕ್ಕೆ ಕಾಲು ಗಂಟೆ ಇರುವಾಗ ಹೆಸ್ಟರಳ ಅಚ್ಚುಕೂಟದ ಮುಂದೆ ಹಾದುಹೋಗುತ್ತ ಹ್ಯಾಟು ಎತ್ತುತ್ತಿದ್ದ. ಹಿಮ ಬಿದ್ದ ಬೆಳಿಗ್ಗೆ ಅವಳು ಬಾಗಿಲು ತೆಗೆಯುವುದರೊಳಗೆ ಮೆಟ್ಟಿಲು ಗುಡಿಸಿರುತ್ತಿತ್ತು. ಒಂದು ಜೊತೆ ಹೆಜ್ಜೆ ಗುರುತು ಮಳಿಗೆಯ ಕಡೆ ಹೋಗಿರುತ್ತಿತ್ತು. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ತರಗತಿಯ ಕರಪತ್ರ ಅಚ್ಚು ಮಾಡಿಸಲು ಒಳಗೆ ಬರುತ್ತಿದ್ದ. ಸಾದಾ ಅಕ್ಷರದಲ್ಲಿ, ಒಂದೇ ಬದಿಗೆ ಬರೆದು ತರುತ್ತಿದ್ದ. ಕೊಡುವ ಮುಂಚೆ ಹಾಳೆಯನ್ನೊಮ್ಮೆ ತಿರುಗಿಸಿ, ಹಿಂಬದಿ ಖಾಲಿಯಿದೆಯೆಂದು ನೋಡಿಕೊಂಡು ಅವಳ ಕೈಗಿಡುತ್ತಿದ್ದ.

ಮೂವತ್ತೊಂದು ಸೆಪ್ಟೆಂಬರುಗಳಲ್ಲಿ ಪ್ರತಿ ಸಲವೂ ಅವಳು ಇವತ್ತು ಹೇಳುತ್ತೇನೆ ಎಂದುಕೊಂಡಳು. "ನೂರು ಪ್ರತಿ ಸಾಕಾ, ಮಿಸ್ಟರ್ ಸಗ್ಡನ್?" ಎಂದಳು.

*

ಗುಡ್ಡದಿಂದ ಇಳಿದು ಬಂದಮೇಲೆ ಹೆಸ್ಟರ್ ನೇರವಾಗಿ ಅಡಿಗೆಮನೆಗೆ ಹೋದಳು. ಕೆಜಾಯ ಒಬ್ಬಳೇ ನಿಂತು ಬೇಯಿಸಿದ ಹಂದಿತೊಡೆಯನ್ನು ತೆಳ್ಳಗೆ ಕೊಯ್ಯುತ್ತಿದ್ದಳು. ಮೊದಲ ಪಂಕ್ತಿ ಮನೆಯವರದು. ನೆರೆಯವರು ಅಂಗಳದಲ್ಲಿ ಕಾಯುತ್ತಿದ್ದರು.

"ನಿಮಗೊಂದು ಮಾತು ಹೇಳಬೇಕು. ಅವರದೊಂದು ಹಾಳೆ ನನ್ನ ಹತ್ತಿರ ಇದೆ."

"ಗೊತ್ತು," ಎಂದಳು ಕೆಜಾಯ. ಚಾಕು ನಿಲ್ಲಲಿಲ್ಲ.

"ಗೊತ್ತಾ?"

"ಊರಿಗೆ ಬಂದ ದಿನಾನೇ ಹೇಳಿದ. ಅಮ್ಮ ನಿಮ್ಮ ಅಪ್ಪನ ಹತ್ರ ಜಗಳಕ್ಕೆ ಹೊರಟೇಬಿಟ್ಟಿದ್ಲು. ಇವನು ಬಾಗಿಲಿಗೆ ಅಡ್ಡ ನಿಂತ. ‘ಆ ಹಾಳೆ ಹೊರಗೆ ಬಂದ್ರೆ ಅವಳನ್ನ ಅವಳಪ್ಪ ಸುಮ್ನೆ ಬಿಡಲ್ಲ. ನನ್ನ ನೋಡಿ ನಗ್ತಾರೆ ತಾನೆ, ನಗಲಿ ಬಿಡಮ್ಮ,’ ಅಂದ."

ಹೆಸ್ಟರ್ ಮೇಜಿನ ಅಂಚು ಹಿಡಿದುಕೊಂಡಳು. "ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅವರು."

"ಕೇಳಿದ್ನಲ್ಲ. ಸುಮ್ನಿದ್ರೆ ಬೇಡ ಅಂತ ತಿಳ್ಕೋತೀನಿ ಅಂತ ಬರೆದಿದ್ನಂತೆ. ನೀವು ಸುಮ್ನಿದ್ರಿ." ಕೆಜಾಯ ಇನ್ನೊಂದು ತುಂಡು ಕೊಯ್ದಳು. "ಎರಡನೇ ಸಲ ಕೇಳಿದ್ರೆ ಪೀಡಿಸಿದ ಹಾಗೆ ಆಗುತ್ತೆ ಅಂತಿದ್ದ. ದಡ್ಡ."

"ಬೇಡ ಅಂತ ಸುಮ್ಮನಿದ್ದಿದ್ದಲ್ಲ, ಕೆಜಾಯಕ್ಕ."

ಚಾಕು ನಿಂತಿತು.

"ನಾನು ಮಾಡಿದ್ದಕ್ಕೆ ಅವರ ಮುಖ ನೋಡೋಕಾಗಲಿಲ್ಲ. ಅಷ್ಟೇ. ಬೇಡ ಅಂತ ಒಂದು ದಿನಾನೂ ಅಂದುಕೊಂಡಿಲ್ಲ."

ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು. ಯಾರೂ ಅದನ್ನು ಇಳಿಸಲಿಲ್ಲ. ಕೆಜಾಯ ಅವಳನ್ನು ಇದೇ ಮೊದಲ ಸಲ ನೋಡುವವಳಂತೆ ನೋಡುತ್ತ ನಿಂತಳು. ಅಷ್ಟರಲ್ಲಿ ಕ್ರಾಸ್ಲಿ ಬಾಗಿಲಲ್ಲಿ ತಲೆ ಹಾಕಿದ.

"ಮಿಸ್ ಪೊಲಾರ್ಡ್, ಆ ಕಡತ?"

ಹೆಸ್ಟರ್ ಮುಂದಿನ ಕೋಣೆಗೆ ನಡೆದಳು. ಊಟದ ಮೇಜಿನ ಸುತ್ತ ಸೋದರಸಂಬಂಧಿಗಳು ಕೂತಿದ್ದರು. ಬೆಂಕಿಯ ಪಕ್ಕ ಅಮೋಸ್. ಅಂಗಳದವರು ಕೆಲವರು ಬಾಗಿಲಲ್ಲಿ ನಿಂತಿದ್ದರು. ಅವಳು ಹಾಳೆ ತೆಗೆದು ಕ್ರಾಸ್ಲಿಯ ಕೈಗಿಟ್ಟಳು. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು.

"ಕಡತ ಬೇಡ. ಇದನ್ನ ಓದಿ, ಎಲ್ಲರಿಗೂ ಕೇಳೋ ಹಾಗೆ. ಮೊದಲು ಹಿಂಬದಿ."

ಗುರು ಕಲಿಸಿದ ಲಿಪಿಯನ್ನು ಗುರುವಿನ ಕೈಬರಹದಲ್ಲೇ ಕ್ರಾಸ್ಲಿ ನಿಧಾನವಾಗಿ ಓದಿದ. ತಂತಿ ಬಾರದಿದ್ದರೆ ಅಚ್ಚಿಗೆ ಹಾಕಬೇಡಿ ಎಂಬಲ್ಲಿಗೆ ಬಂದಾಗ ಅವನ ಕಿವಿ ಕೆಂಪಾಯಿತು. ಅಮೋಸನ ಕೋಲು ನೆಲಕ್ಕೆ ಬಿತ್ತು.

"ಅಂದ್ರೆ ಇವನು ಹೇಳಿದ್ನಾ?" ಎಂದ ಅಮೋಸ್. "ಮೂವತ್ತೆರಡು ವರ್ಷ ನಾನು... ಒಂದು ಸಲಾನಾದ್ರೂ ಬಾಯಿ ಮುಚ್ಚೋ ಅನ್ನಬಾರದಿತ್ತಾ ನನಗೆ?"

ಕ್ರಾಸ್ಲಿ ಹಾಳೆ ತಿರುಗಿಸಿದ. ಮೊದಲ ಪದ ಓದಿದವನೇ ಥಟ್ಟನೆ ಮಡಚಿ ಅವಳ ಕಡೆ ಚಾಚಿದ. "ಇದು ಪತ್ರಿಕೆಗಲ್ಲ, ಮಿಸ್ ಪೊಲಾರ್ಡ್," ಎಂದ ಮೆಲ್ಲಗೆ.

"ಪತ್ರಿಕೆಗಲ್ಲ. ಅವರು ಯಾಕೆ ಬಾಯಿ ಬಿಡಲಿಲ್ಲ ಅಂತ ಇಲ್ಲಿರೋರಿಗೆ ತಿಳೀಬೇಕು. ಈ ಹಾಳೇನ ಬಚ್ಚಿಟ್ಟೋಳು ನಾನು. ಓದಿ."

ಅವನು ಓದಿದ. ‘ಹೆಸ್ಟರ್, ಇದನ್ನು ನೀನೊಬ್ಬಳೇ ಓದುತ್ತೀ. ಇಲ್ಲಿ ಕಾಣುವ ಪ್ರತಿಯೊಂದನ್ನೂ ಪಕ್ಕದಲ್ಲಿ ನಿಂತ ನಿನಗೆ ತೋರಿಸುತ್ತಿದ್ದೇನೆ ಎಂದುಕೊಂಡೇ ನೋಡುತ್ತೇನೆ...’

ಕೊನೆಯ ಸಾಲಿನವರೆಗೂ ಓದಿದ. ಕ್ರಾಸ್ಲಿ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಅವಳಿಗೆ ಕೊಟ್ಟ. ಆಮೇಲೆ ಜೇಬಿನಿಂದ ತನ್ನ ಕಾಗದ ತೆಗೆದು, ಬಗ್ಗಿ, ಅದನ್ನು ಬೆಂಕಿಗಿಟ್ಟ. ಹಾಗೆಯೇ ಬಗ್ಗಿದವನು ಅಮೋಸನ ಕೋಲನ್ನೂ ಎತ್ತಿ ಅವನ ಮೊಣಕಾಲಿಗೆ ಆನಿಸಿದ.

ಯಾರೂ ಹೆಸ್ಟರಳನ್ನು ನೇರವಾಗಿ ನೋಡಲಿಲ್ಲ. ಮೊದಲ ಪಂಕ್ತಿಗೆ ಹೊತ್ತಾಗಿತ್ತು. ಅವಳು ಮೂಲೆಯ ಮೇಜಿನಿಂದ ತನ್ನ ಖಾಲಿ ತಟ್ಟೆ ತೆಗೆದುಕೊಂಡು, ಶಾಲು ಹೊದ್ದು, ಬಾಗಿಲ ಕಡೆ ತಿರುಗಿದಳು. ನಿಂತಿದ್ದವರು ದಾರಿ ಬಿಟ್ಟರು.

ಕೆಜಾಯ ಅಡಿಗೆಮನೆಯಿಂದ ಬಂದು ದಾರಿಗೆ ಅಡ್ಡ ನಿಂತಳು. ಅವಳ ಕೈಯಲ್ಲಿ ನೀಲಿ ಅಂಚಿನ, ಒಂದು ಕಡೆ ಚೂರು ಹಾರಿದ ಊಟದ ತಟ್ಟೆಯಿತ್ತು. ತೆಳುವಾಗಿ ಕೊಯ್ದ ಮಾಂಸ, ಹಬೆಯಾಡುವ ಎರಡು ಆಲೂಗಡ್ಡೆ, ಬೆಣ್ಣೆ ಸವರಿದ ರೊಟ್ಟಿ. ಅವಳು ಹೆಸ್ಟರಳ ಕೈಯಿಂದ ಖಾಲಿ ತಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು. ಕಿಟಕಿಯ ಬಳಿ, ಅಬ್ನರನದೆಂದು ಯಾರೂ ಕೂರದೆ ಬಿಟ್ಟಿದ್ದ ಕುರ್ಚಿಯನ್ನು ಕಾಲಿನಿಂದ ಮೇಜಿನ ಹತ್ತಿರಕ್ಕೆ ಎಳೆದಳು. ಆಮೇಲೆ, ಅರಗಿನ ಕಪ್ಪು ಇನ್ನೂ ಅಂಟಿಕೊಂಡಿದ್ದ ಆ ಬೆರಳುಗಳ ನಡುವೆ ಊಟದ ತಟ್ಟೆಯನ್ನು ಇಟ್ಟು, ಹೆಸ್ಟರ್ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ ತಾನೂ ಬಿಡದೆ ಹಿಡಿದು ನಿಂತಳು.